ಬ್ರೂಸ್‌ಪೇಟೆಯವರು ಸೂರ್ಯನನ್ನು ನೋಡಲು ಗುಡ್ಡ ಹತ್ತಿದ್ದು

ವಿಮಾನ ಬೀಳಬಹುದಿತ್ತು. ಬೀಳದಿದ್ದರೂ, ಹತ್ತಬೇಕಾದದ್ದನ್ನು ಬಿಟ್ಟು ಬೇರೆ ಯಾವುದನ್ನೋ ಹತ್ತಿ ನಾವು ಗುರುತು ಪರಿಚಯವಿಲ್ಲದ ಮರುಭೂಮಿಯಲ್ಲಿ ಇಳಿಯಬಹುದಿತ್ತು. ತಪಾಸಣೆಯವನು ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆ ಬಿಚ್ಚಿಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬಹುದಿತ್ತು. ಟ್ರಂಕಿನಲ್ಲಿದ್ದ ಜೋಳದ ಹಿಟ್ಟನ್ನು ಮದ್ದಿನ ಪುಡಿ ಎಂದು ತಿಳಿಯಬಹುದಿತ್ತು. ನಮ್ಮನೆಯವರು ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಳ್ಳಬಹುದಿತ್ತು. ಬಾಡಿಗೆಗೆ ಹಿಡಿದ ಮನೆ ಪೂರ್ತಿ ಕಟ್ಟಿಗೆಯದು, ಬೆಂಕಿ ಹತ್ತಬಹುದಿತ್ತು. ನಾನು ಯಾವ ಉಪಗ್ರಹವನ್ನು ನಂಬಿ ಅಷ್ಟು ದೂರ ಹೋಗುತ್ತಿದ್ದೆನೋ ಆ ಉಪಗ್ರಹವೇ ಕೆಟ್ಟು ಸುಮ್ಮನಾಗಬಹುದಿತ್ತು. ಕೆಲಸ ಬಾರದವಳೆಂದು ನನ್ನನ್ನು ವಾಪಸು ಅಟ್ಟಬಹುದಿತ್ತು. ಹಾಗೆ ವಾಪಸು ಬಂದು ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿಯುವಾಗ ಗುರುತಿನವರು ಯಾರಾದರೂ ಸಿಕ್ಕು, ಇಷ್ಟು ಲಗೂನ ಬಂದ್ರೇನು ಎಂದು ಕೇಳಬಹುದಿತ್ತು. ಈ ಕೊನೆಯ ಪ್ರಶ್ನೆಗೆ ಉತ್ತರವನ್ನು ಊರು ಬಿಡುವ ಮೊದಲೇ ತಯಾರು ಮಾಡಿಟ್ಟುಕೊಂಡಿದ್ದೆ.

ಇಷ್ಟು ತಯಾರಿಯಾದವಳು ಇಳಿದ ಗಳಿಗೆಯಲ್ಲೇ ತಬ್ಬಿಬ್ಬಾದೆ. ಮಧ್ಯಾಹ್ನದ ಚಹಾದ ಹೊತ್ತು. ವಿಮಾನದ ಬಾಗಿಲು ತೆರೆದರೆ ಹೊರಗೆ ಕಗ್ಗತ್ತಲು, ನೆತ್ತಿಯ ಮೇಲೆ ನಕ್ಷತ್ರ. ಗೊತ್ತಿರಲಿಲ್ಲವೆಂದಲ್ಲ. ನವೆಂಬರ್ ಕೊನೆಯಿಂದ ಜನವರಿ ಮುಗಿಯುತ್ತ ಬರುವವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲವೆಂದು ಭೂಪಟ ಹಿಡಿದು ನಮ್ಮನೆಯವರಿಗೆ ಪಾಠ ಹೇಳಿದವಳೇ ನಾನು. ಪಾಠದಲ್ಲಿ ಕತ್ತಲು ಒಂದು ಗೆರೆಯಾಗಿತ್ತು. ಇಲ್ಲಿ ಅದು ಮೈಮೇಲೆ ಬಿದ್ದಿತ್ತು. ನಮ್ಮನೆಯವರು ಮೆಟ್ಟಿಲ ಮೇಲೆಯೇ ನಿಂತು ಕೈಗಡಿಯಾರವನ್ನು ಕಿವಿಗೆ ಹಿಡಿದರು.

"ಗಡಿಯಾರ ನಿಂತಿಲ್ಲ, ಟಿಕ್ ಟಿಕ್ ಅನ್ನಾಕತ್ತೈತಿ," ಎಂದರು. "ಹಂಗಾರ ನಿಂತಿದ್ದು ಯಾವುದು?"

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ತವರು ಕುರುಗೋಡು. ಕೊಟ್ಟದ್ದು ಬಳ್ಳಾರಿಯ ಬ್ರೂಸ್‌ಪೇಟೆಗೆ, ಅರಿವೆ ಅಂಗಡಿಯವರ ಮನೆಗೆ. ಕಲಿತ ಭೌತಶಾಸ್ತ್ರ ಒಗ್ಗರಣೆಗೇ ಮುಗಿಯಬಾರದೆಂದು ಹವಾಮಾನ ಕಚೇರಿ ಸೇರಿ, ಕಂಟೋನ್ಮೆಂಟಿನ ಬಯಲಿನಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗಿನ ಉಷ್ಣಮಾಪಕಗಳನ್ನು ನೋಡಿ ಬರೆದುಕೊಳ್ಳುವ ಕೆಲಸ ಬಹುಕಾಲ ಮಾಡಿದೆ. ಆಮೇಲೆ ಪುಣೆಯಲ್ಲಿ ಉಪಗ್ರಹದ ಚಿತ್ರ ಓದುವುದನ್ನು ಕಲಿಸಿದರು. ನಲವತ್ತು ದಾಟಿ, ಕನ್ನಡಕ ಬಂದು, ಇನ್ನು ಎಲ್ಲಿಗೂ ಹೋಗುವುದಿಲ್ಲವೆಂದು ನೆಮ್ಮದಿಯಾಗಿ ಚಿಂತೆ ಮಾಡಿಕೊಂಡಿದ್ದಾಗ, ಉತ್ತರ ನಾರ್ವೆಯ ಒಂದು ಬಂದರು ಪಟ್ಟಣದಲ್ಲಿ ಧ್ರುವದ ಸುತ್ತಲಿನ ಹಿಮದ ತಾಪಮಾನ ಅಳೆಯುವ ಕೆಲಸಕ್ಕೆ ಒಬ್ಬರು ಬೇಕೆಂದು ಗೊತ್ತಾಯಿತು. ಸಿಗುವುದಿಲ್ಲವೆಂಬ ಖಾತ್ರಿಯಿದ್ದುದರಿಂದ ಅರ್ಜಿ ಹಾಕಿದೆ. ಸಿಕ್ಕಿತು. ಒಂದು ಚಳಿಗಾಲ ಪರೀಕ್ಷೆಯ ಮೇಲೆ. ಸರಿಬಂದರೆ ಮುಂದೆ ಮೂರು ವರ್ಷ.

ಬ್ರೂಸ್‌ಪೇಟೆಯ ಓಣಿಯಲ್ಲಿ ಇದೊಂದು ದೊಡ್ಡ ಸುದ್ದಿಯಾಯಿತು. ಹೆಂಡತಿಯ ನೌಕರಿಗೆ ಗಂಡ ಹಿಂದೆ ಹೊರಟ ಸಂಗತಿ ಅಲ್ಲಿ ಯಾರೂ ಕಂಡದ್ದಲ್ಲ. ಎದುರಿನ ಅಂಗಡಿಯವರು, ನೀವು ಅಲ್ಲಿ ಏನ್ ಮಾಡ್ತೀರ್ರಿ ಎಂದು ಕೆಣಕಿದರೆ ನಮ್ಮನೆಯವರು, "ಆಕೀಗೆ ಬುತ್ತಿ ಕಟ್ಟಾಕ ಒಬ್ರು ಬೇಕಲ್ರಿ," ಎಂದು ಬಾಯಿ ಮುಚ್ಚಿಸಿದರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟೇಬಿಟ್ಟರು. ಕರೂರಿನ ನಮ್ಮಕ್ಕ ಸಿರುಗುಪ್ಪದ ಬಸ್ಸು ಹಿಡಿದು, ಗದ್ದೆಯ ಅಕ್ಕಿಯ ಗಂಟು ಹೊತ್ತು ಬಂದಳು. ಆ ಊರಲ್ಲಿ ಏನು ಬೆಳೆಯುತ್ತಾರೆಂದು ಕೇಳಿದಳು. ಏನೂ ಬೆಳೆಯುವುದಿಲ್ಲ, ಮೀನು ಹಿಡಿಯುತ್ತಾರೆ ಎಂದೆ. ಅಕ್ಕಿಯ ಗಂಟನ್ನು ಬಿಚ್ಚಿ, ಇನ್ನೆರಡು ಸೇರು ಸುರಿದು ಮತ್ತೆ ಕಟ್ಟಿದಳು.

ಮನೆ ಗುಡ್ಡದ ಇಳಿಜಾರಿನಲ್ಲಿತ್ತು. ಹಳದಿ ಬಣ್ಣದ ಕಟ್ಟಿಗೆ ಮನೆಯ ಮೇಲಂತಸ್ತು. ಕುರುಗೋಡಿನಲ್ಲಿ ಗೋಡೆ ದಪ್ಪ ಕಟ್ಟುವುದು ಬಿಸಿ ಒಳಗೆ ಬರದಿರಲೆಂದು. ಇಲ್ಲಿ ಗೋಡೆಯೊಳಗೆ ಉಣ್ಣೆಯಂಥದೇನನ್ನೋ ತುರುಕುವುದು ಬಿಸಿ ಹೊರಗೆ ಹೋಗದಿರಲೆಂದು. ಅಲ್ಲಿ ಕಳ್ಳ ಹೊರಗಿನಿಂದ ನುಗ್ಗುತ್ತಾನೆ, ಇಲ್ಲಿ ಒಳಗಿನಿಂದ ಪರಾರಿಯಾಗುತ್ತಾನೆ. ನಾವು ಕಟ್ಟಿಗೆಯನ್ನು ಒಲೆಗೆ ಇಡುವ ಜನ, ಅದರೊಳಗೆ ಮಲಗುವ ಜನವಲ್ಲ. ಕಚೇರಿಗೆ ಹೊರಟವಳು ಬಸ್ ಸ್ಟಾಪಿನಿಂದ ತಿರುಗಿ ಬಂದು, ವಿದ್ಯುತ್ ಒಲೆ ಆರಿದೆಯೋ ಇಲ್ಲವೋ ಎಂದು ಅಂಗೈ ಇಟ್ಟು ನೋಡುತ್ತಿದ್ದೆ. ಒಲೆಯ ಎದುರಿಗೇ ನಮ್ಮನೆಯವರು ಕೂತಿರುತ್ತಿದ್ದರು, ಆದರೂ ಬರುತ್ತಿದ್ದೆ. ಒಂದು ಸಮಾಧಾನವೆಂದರೆ ಅಲ್ಲಿನವರೂ ಚಪ್ಪಲಿ, ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಾರೆ. ಯುರೋಪಿನಲ್ಲಿ ಬೂಟು ಹಾಕಿಕೊಂಡೇ ದೇವರ ಕೋಣೆಗೂ ಬಂದಾರು ಎಂದು ನಾನು ಹೆದರಿದ್ದು ಸುಳ್ಳಾಯಿತು.

ಊಟದ್ದು ಇನ್ನೊಂದು ಕಥೆ. ಮೀನಿನ ಊರಲ್ಲಿ ಸಸ್ಯಾಹಾರಿಗಳೆಂದರೆ ರೋಗಿಗಳೆಂದೇ ಲೆಕ್ಕ. ಅವರು ಮಧ್ಯಾಹ್ನಕ್ಕೆ ಒಯ್ಯುವ ಬುತ್ತಿಗೆ 'ಮಾತ್‌ಪಾಕೆ' ಎನ್ನುತ್ತಾರೆ. ಹೆಸರು ಕೇಳಿ ಏನೋ ಇರಬೇಕೆಂದುಕೊಂಡರೆ, ಕಾಗದದಲ್ಲಿ ಸುತ್ತಿದ ಎರಡು ಮೂರು ತುಂಡು ತಣ್ಣನೆಯ ಬ್ರೆಡ್ಡು. ಬುತ್ತಿ ಎಂದರೆ ಕಡಕ್ ರೊಟ್ಟಿ, ಗುರೆಳ್ಳು ಪುಡಿ, ಎಣ್ಣೆಗಾಯಿ ಎಂದು ತಿಳಿದ ನಮ್ಮನೆಯವರಿಗೆ ಅದನ್ನು ನೋಡಿ ಆ ಜನಾಂಗದ ಬಗ್ಗೆಯೇ ಮರುಕ ಹುಟ್ಟಿತು. ಆದರೆ 'ಬ್ರೂನೂಸ್ತ್' ಎಂಬ ಕಂದು ಬಣ್ಣದ ಗಿಣ್ಣದ ಗಟ್ಟಿಯೊಂದಿದೆ. ಒಡೆದ ಹಾಲಿನ ನೀರನ್ನು ಕಾಯಿಸಿ ಕಾಯಿಸಿ ಮಾಡುವುದು. ಸಿಹಿ, ಸುಟ್ಟ ಕೋವಾದ ರುಚಿ. ಪೇಡೆಯ ಬಡ ನೆಂಟ ಎಂದು ಹೆಸರಿಟ್ಟು ನಮ್ಮನೆಯವರು ಅದನ್ನು ರೊಟ್ಟಿಯೊಳಗೆ ಸುತ್ತಿ ತಿನ್ನತೊಡಗಿದರು. ರೊಟ್ಟಿ ಬಡಿಯುವ ಕೆಲಸ ನನ್ನದು. ಮೊದಲ ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಕೆಳಮನೆಯ ಮುದುಕಿ ಮೇಲೆ ಬಂದು, ಗೋಡೆಗೆ ಏನಾದರೂ ಮೊಳೆ ಹೊಡೆಯುತ್ತಿದ್ದೀರಾ ಎಂದು ಬಲು ವಿನಯದಿಂದ ಕೇಳಿದಳು. ಮೊಳೆಯನ್ನು ತಟ್ಟೆಗೆ ಹಾಕಿ ಕೊಟ್ಟೆ. ತಿಂದಳು. ಮುಂದಿನ ಭಾನುವಾರ ಸದ್ದಾಗುವ ಮೊದಲೇ ಬಂದಳು. ಆ ಚಳಿಗಾಲದಲ್ಲಿ ನಾನು ಗೆದ್ದದ್ದು ಇದೊಂದೇ ಎಂದು ಬಹಳ ದಿನ ಅಂದುಕೊಂಡಿದ್ದೆ.

ಉಳಿದಂತೆ ಮೌನ. ಸಿರುಗುಪ್ಪದಲ್ಲಿ ಬಸ್ಸು ಹತ್ತಿ ಬಳ್ಳಾರಿಯಲ್ಲಿ ಇಳಿಯುವಷ್ಟರಲ್ಲಿ ಪಕ್ಕದವರು ನಮ್ಮ ಊರು, ಮನೆತನ, ಮಕ್ಕಳಾಗದ್ದಕ್ಕೆ ಕಾರಣ, ಅದಕ್ಕೆ ಔಷಧಿ ಎಲ್ಲ ಮುಗಿಸಿರುತ್ತಾರೆ. ಇಲ್ಲಿ ಖಾಲಿ ಬಸ್ಸಿನಲ್ಲಿ ಒಬ್ಬನೇ ಕೂತಿದ್ದ ಮನುಷ್ಯನ ಪಕ್ಕ ನಮ್ಮನೆಯವರು ಸೌಜನ್ಯಕ್ಕೆಂದು ಹೋಗಿ ಕೂತರೆ, ಆತ ಮರದ ಗೊಂಬೆಯಾಗಿ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟ. ಸೂರ್ಯನಿಲ್ಲದ ಆ ತಿಂಗಳುಗಳಿಗೆ ಅವರು 'ಮೊರ್ಕೆತೀದ್', ಎಂದರೆ ಕತ್ತಲ ಕಾಲ, ಎನ್ನುತ್ತಾರೆ. ಮಳೆಗಾಲ, ಬೇಸಿಗೆಕಾಲ ಇದ್ದ ಹಾಗೆ ಅದೂ ಒಂದು. ನಡುಹಗಲಿಗೆ ಸ್ವಲ್ಪ ಹೊತ್ತು ಆಕಾಶ ನೀಲಿ ಮಸಿ ಚೆಲ್ಲಿದಂತಾಗಿ, ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮನೆಯವರು ಆ ನೀಲಿಗಾಗಿ ಕಾದು ಕಿಟಕಿಯಿಂದ ಕಿಟಕಿಗೆ ತಿರುಗುತ್ತಿದ್ದರು. ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಾದಿಯ ಮೇಲೆ ಅಲುಗದೆ ಕೂರುತ್ತಿದ್ದ ಮನುಷ್ಯ, ಇಲ್ಲಿ ಕೂತಲ್ಲಿ ಕೂರಲಾರದಾದರು. ಅವರು ತಿರುಗುವುದನ್ನು ನೋಡಿ ನಾನು ತಿರುಗುತ್ತಿದ್ದೆ.

ಒಂದು ದಿನ ಕೇಳಿಯೇಬಿಟ್ಟೆ, ನನಗೆ ಮೂರು ವರ್ಷ ಕೊಟ್ಟರೆ ನೀವು ಇರುತ್ತೀರಾ, ಹೋಗುತ್ತೀರಾ ಎಂದು. ಅವರ ವಾಪಸು ಟಿಕೀಟು ಜನವರಿ ಕೊನೆಯ ವಾರದ್ದಿತ್ತು.

"ಸೂರ್ಯ ಬರ್ಲಿ, ಹೇಳ್ತೀನಿ," ಎಂದರು. "ದೀಪದ ಬೆಳಕಿನ್ಯಾಗ ಬಣ್ಣ ನೋಡಿ ಯಾರರ ಅರಿವಿ ತೊಗೊಂತಾರೇನು?"

ನಮ್ಮ ಬ್ರೂಸ್‌ಪೇಟೆಯ ಅಂಗಡಿಗಳ ಪದ್ಧತಿ ಅದು. ಓಣಿ ಇಕ್ಕಟ್ಟು, ಒಳಗೆ ಹಗಲೂ ದೀಪ. ಗಿರಾಕಿ ಸೀರೆ ಮೆಚ್ಚಿದರೂ ಅಲ್ಲೇ ಒಪ್ಪಿಕೊಳ್ಳುವುದಿಲ್ಲ. ಸೆರಗು ಹಿಡಿದು ಹೊರಗಿನ ಮೆಟ್ಟಿಲಿಗೆ ಒಯ್ದು, ಬಿಸಿಲಿಗೆ ಹಿಡಿದು, ಆಮೇಲೆ ಮಾತು. ಬಿಸಿಲಿಗೆ ಹಿಡಿಯದೆ ಅವರು ಈ ಊರಿನ ಬೆಲೆ ಕಟ್ಟುವವರಲ್ಲ. ಅವರು ಹೊರಟರೆ ನಾನು? ಉಳಿಯುವಷ್ಟು ಧೈರ್ಯವಿಲ್ಲ, ಬಿಟ್ಟುಹೋಗುವಷ್ಟು ವೈರಾಗ್ಯವಿಲ್ಲ. ಎರಡು ಅಡುಗೆಮನೆ, ಎರಡು ಖಂಡ, ನಡುವೆ ಮೂರು ವಾರಕ್ಕೊಮ್ಮೆ ತಲುಪುವ ಪತ್ರ. ಚಿಂತೆ ಮಾಡಲು ಇಷ್ಟು ಒಳ್ಳೆಯ ವಿಷಯ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಇನ್ನು ನನ್ನ ಕೆಲಸದ ಮಾತು. ಬೇಸಿಗೆಯ ಸಂಜೆ ಕುರುಗೋಡಿನ ಬಂಡೆಗಳ ಪಕ್ಕ ನಡೆದರೆ, ಮುಟ್ಟದಿದ್ದರೂ ಮುಖಕ್ಕೆ ಬಿಸಿ ಹೊಡೆಯುತ್ತದಲ್ಲ, ಅದು ಕಣ್ಣಿಗೆ ಕಾಣದ ಬೆಳಕು. ಪ್ರತಿಯೊಂದು ವಸ್ತುವೂ, ಹಿಮದ ಗಡ್ಡೆಯೂ ಸಹ, ತನ್ನ ಬಿಸಿಗೆ ತಕ್ಕಷ್ಟು ಅದನ್ನು ಚೆಲ್ಲುತ್ತಿರುತ್ತದೆ. ಧ್ರುವಗಳ ಮೇಲೆ ಸುತ್ತುವ ಉಪಗ್ರಹದಲ್ಲಿ ಆ ಅವಕೆಂಪು ಬೆಳಕನ್ನು ಹಿಡಿಯುವ ಕಣ್ಣಿದೆ. ಅದಕ್ಕೆ ಹಗಲು ಬೇಕಿಲ್ಲ. ಉಪಗ್ರಹ ನಮ್ಮ ತಲೆಯ ಮೇಲೆ ಹಾದಾಗಲೆಲ್ಲ ಯಂತ್ರದಿಂದ ಉದ್ದನೆಯ ಚಿತ್ರವೊಂದು ಹೊರಬರುತ್ತಿತ್ತು. ತಣ್ಣಗಿರುವುದು ಬೆಳ್ಳಗೆ, ಬೆಚ್ಚಗಿರುವುದು ಕಪ್ಪಗೆ. ನಡುವೆ ಮೋಡ ಬಂದರೆ ಕಣ್ಣು ನೆಲವನ್ನು ಕಾಣದೆ ಮೋಡವನ್ನೇ ಅಳೆದುಬಿಡುತ್ತದೆ. ಆದ್ದರಿಂದ ಯಾವುದು ಮೋಡ, ಯಾವುದು ನೆಲ ಎಂದು ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಬೇರೆ ಮಾಡುವವರು ಒಬ್ಬರು ಬೇಕು. ಆ ಒಬ್ಬಳು ನಾನು. ನೆಲವೆಂದು ನಾನು ಬಿಟ್ಟ ಜಾಗದಿಂದ ಮಾತ್ರ ಹಿಮದ ತಾಪಮಾನದ ನಕ್ಷೆ ತಯಾರಾಗುತ್ತಿತ್ತು.

ಪುಣೆಯಲ್ಲಿ ಮುಂಗಾರಿನ ಮೋಡ ಗುರುತಿಸಿ ಪಳಗಿದ ಕೈ. ಎತ್ತರದ ಮೋಡ ತಣ್ಣಗೆ, ಆದ್ದರಿಂದ ಬಿಳಿ. ಕಾದ ನೆಲ ಕಪ್ಪು. ಅಲ್ಲದೆ ನಾನು ಬಳ್ಳಾರಿಯವಳು. ಮೋಡ ಎಂದರೆ ತಂಪು ಎಂಬುದು ನನಗೆ ಕಲಿತ ವಿದ್ಯೆಯಲ್ಲ. ಏಪ್ರಿಲ್ಲಿನಲ್ಲಿ ಕೊಡೆ ಮರೆತು ಬ್ರೂಸ್‌ಪೇಟೆಯಿಂದ ಕಂಟೋನ್ಮೆಂಟಿಗೆ ನಡೆದ ತಲೆಯಲ್ಲಿ ಅದು ಹುಟ್ಟಿನಿಂದ ಇದೆ. ಚಿತ್ರದ ಬಿಳಿಯನ್ನೆಲ್ಲ ಮೋಡವೆಂದು ಸುತ್ತಿ ಬದಿಗಿಟ್ಟೆ. ಬೂದಿ ಬಣ್ಣದ್ದನ್ನೆಲ್ಲ ನೆಲವೆಂದು ಕೊಟ್ಟೆ. ಬಾಗಿಲಿನ ಚಿಲಕ, ಒಲೆಯ ಗುಂಡಿ, ಟಿಕೀಟಿನ ತಾರೀಖು ಎಲ್ಲದರ ಮೇಲೂ ಅನುಮಾನ ಪಟ್ಟವಳಿಗೆ ಇದೊಂದರ ಮೇಲೆ ಅನುಮಾನ ಬರಲಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥೆ ಬೆರಿತ್. ನನ್ನ ವಯಸ್ಸಿನವರು, ಎತ್ತರದ ಹೆಂಗಸು, ಸಭೆಯಲ್ಲೂ ಕೈಯಲ್ಲಿ ಉಣ್ಣೆ ಹೆಣಿಗೆ. ಹೆಸರು ಹಿಡಿದೇ ಕರೆಯಬೇಕೆಂದು ಮೊದಲ ದಿನವೇ ಹೇಳಿದ್ದರು. ನಾನು ಬಾಯಲ್ಲಿ ಬೆರಿತ್ ಎಂದು, ಮನಸ್ಸಿನಲ್ಲಿ 'ಅವರೇ' ಸೇರಿಸುತ್ತಿದ್ದೆ. ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ನನ್ನ ನಕ್ಷೆಗಳನ್ನೂ, ಹಿಮದ ಬಯಲಿನಲ್ಲಿ ಬಿಡಾರ ಹೂಡಿದ್ದ ತಂಡ ರೇಡಿಯೋದಲ್ಲಿ ಕಳಿಸಿದ ಅಳತೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಅಲ್ಲಿ ಹಿಮಕ್ಕೆ ಉಷ್ಣಮಾಪಕ ಚುಚ್ಚಿದವರು ಹೇಳುವ ಚಳಿಗೂ ನನ್ನ ನಕ್ಷೆಯ ಚಳಿಗೂ ಸಂಬಂಧವೇ ಇಲ್ಲ. ನನ್ನ ನಕ್ಷೆಯಲ್ಲಿ ಧ್ರುವಪ್ರದೇಶ ಸುಖವಾಗಿತ್ತು.

ನನಗೆ ಬಳ್ಳಾರಿ ಸ್ಟೇಷನ್ನು ಕಂಡಿತು. ಬೆರಿತ್ ಹೆಣಿಗೆ ಬದಿಗಿಟ್ಟು, ನಿಮ್ಮ ಊರಲ್ಲಿ ಮೋಡ ಬೆಚ್ಚಗೋ ತಣ್ಣಗೋ ಎಂದು ಕೇಳಿದರು. ತಣ್ಣಗೆ ಎಂದೆ, ಯೋಚಿಸದೆ. ಹಗಲಲ್ಲೋ ರಾತ್ರಿಯಲ್ಲೋ ಎಂದರು.

ನನಗೆ ನಮ್ಮ ಮಾಳಿಗೆ ನೆನಪಾಯಿತು. ಬೇಸಿಗೆಯಲ್ಲಿ ಬಳ್ಳಾರಿಯ ಮುಕ್ಕಾಲು ಪಾಲು ಜನ ಮಲಗುವುದು ಮಾಳಿಗೆಯ ಮೇಲೆ. ಆಕಾಶ ತಿಳಿಯಾಗಿದ್ದರೆ ಕಾದ ಮಾಳಿಗೆ ಬೇಗ ಆರಿ, ಬೆಳಗಿನ ಜಾವಕ್ಕೆ ದುಪ್ಪಟಿ ಎಳೆದುಕೊಳ್ಳಬೇಕು. ಮೋಡ ಮುಸುಕಿತೋ, ಓಣಿಯ ಅಷ್ಟೂ ಮಾಳಿಗೆಗಳ ಮೇಲೆ ಬೀಸಣಿಕೆಯ ಸದ್ದು, ಕೂಸುಗಳ ಅಳು, ಮೋಡಕ್ಕೆ ಬೈಗುಳ. ಮೋಡ ರಾತ್ರಿಯ ಕೌದಿ. ನೆಲದ ಬಿಸಿ ಮೇಲಕ್ಕೆ ಹೋಗಗೊಡುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇ? ಬೆನ್ನಿಗೆ ಗೊತ್ತಿತ್ತು, ಪೆನ್ಸಿಲಿಗೆ ಗೊತ್ತಿರಲಿಲ್ಲ. ಇಲ್ಲಿ ಒಂದೂವರೆ ತಿಂಗಳಿಂದ ರಾತ್ರಿಯೇ ನಡೆದಿದೆ. ತಿಳಿ ಆಕಾಶದ ಕೆಳಗೆ ಹಿಮ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಕಳೆದುಕೊಂಡು, ತನ್ನ ಮೇಲಿನ ಗಾಳಿಗಿಂತ, ಮೋಡಕ್ಕಿಂತ ತಣ್ಣಗಾಗಿ ಬೆಳ್ಳಗೆ ಮಲಗಿದೆ. ನಾನು ಮೋಡವೆಂದು ಸುತ್ತಿ ಎಸೆದದ್ದು ನೆಲ; ನೆಲವೆಂದು ಅಳೆದು ಕೊಟ್ಟದ್ದು ಮೋಡ.

ನನ್ನ ಮುರುಕು ಇಂಗ್ಲಿಷಿನಲ್ಲಿ ಮಾಳಿಗೆಯ ವಿಷಯ ಹೇಳಿದೆ. ಇಡೀ ಊರು ಛಾವಣಿಯ ಮೇಲೆ ಮಲಗುತ್ತದೆಂಬುದನ್ನು ಬೆರಿತ್ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರು, ದಕ್ಷಿಣದಿಂದ ಬಂದವರೆಲ್ಲ ಮೊದಲ ಚಳಿಗಾಲ ಇಲ್ಲಿ ಎಡವುತ್ತಾರೆ, ಚಿತ್ರಗಳನ್ನು ಎತ್ತಿಟ್ಟಿದ್ದೇವೆ, ಮತ್ತೆ ಗೆರೆ ಎಳೆಯಿರಿ ಎಂದರು. ಒಂದರ ಹಿಂದೆ ಒಂದು ಬಂದ ಚಿತ್ರಗಳನ್ನು ಜೋಡಿಸಿ ನೋಡುವುದನ್ನು ಕಲಿಸಿದರು: ಜಾಗ ಬಿಟ್ಟು ಸರಿದದ್ದು ಮೋಡ, ಸರಿಯದೆ ಉಳಿದದ್ದು ನೆಲ. ಕೆಲಸ ಬೇಗ ಕೈಹತ್ತಿತು. ಜನವರಿಯ ನಡುವಿನಲ್ಲಿ, ಮೂರು ವರ್ಷಕ್ಕೆ ಇಟ್ಟುಕೊಳ್ಳುತ್ತೇವೆಂದು ತಿಳಿಸಿದರು. ವಾಪಸು ಅಟ್ಟಿದ್ದರೆ ನಮ್ಮಿಬ್ಬರ ಪ್ರಶ್ನೆ ತಾನಾಗಿ ಬಗೆಹರಿಯುತ್ತಿತ್ತೆಂದು ಆಗ ಹೊಳೆಯಿತು. ಇನ್ನು ಉತ್ತರ ಸೂರ್ಯನ ಕೈಯಲ್ಲಿತ್ತು.

ಇತ್ತ ನಮ್ಮನೆಯವರು ಬಂದರಿನ ರಸ್ತೆಯಲ್ಲಿ ಒಂದು ಉಣ್ಣೆ ಅಂಗಡಿ ಕಂಡುಹಿಡಿದಿದ್ದರು. ದಿನಾ ಹೋಗಿ, ನೂಲನ್ನು ಹೆಬ್ಬೆರಳಲ್ಲಿ ಉಜ್ಜಿ, ಬಾಯಿ ಚಪ್ಪರಿಸಿ, ಅಂಗಡಿಯವನ ಎದುರಿನ ಸ್ಟೂಲಿನ ಮೇಲೆ ಕೂರುವುದು. ಇವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೆ. ಕನ್ನಡ, ತೆಲುಗು, ಉರ್ದು ಬೆರೆಸಿ ಮಾತಾಡುತ್ತಿದ್ದರು. ಅರಿವೆಯವರ ಮಾತು ಅರಿವೆಯವರಿಗೆ ತಿಳಿಯುತ್ತದಂತೆ. ಇಂಗ್ಲಿಷ್ ಬಲ್ಲ ನನಗೆ ಊರಿನಲ್ಲಿ ಒಬ್ಬ ಮುದುಕಿಯ ಪರಿಚಯ. ಇವರಿಗೆ ರಸ್ತೆಯಲ್ಲಿ ಹತ್ತು ಜನ ತಲೆಬಾಗುತ್ತಿದ್ದರು. ಇದರಿಂದ ನನಗೆ ಆಸೆ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಬೇರೆಯವರ ಅಂಗಡಿಯಲ್ಲಿ ಕೂತಷ್ಟೂ ಅವರಿಗೆ ತಮ್ಮ ಅಂಗಡಿ ಹೆಚ್ಚು ನೆನಪಾಗುತ್ತಿರಬಹುದೆಂದು ಅನ್ನಿಸಿತು.

ಸೂರ್ಯ ಮರಳುವ ದಿನ ಆ ಊರಿಗೆ ಹಬ್ಬ. ಶಾಲೆ ಬಿಡುತ್ತಾರೆ. ಎಲ್ಲರೂ ಸಿಹಿ ತುಂಬಿದ ದುಂಡನೆಯ ಬನ್ನು ಕಟ್ಟಿಕೊಂಡು, ದಕ್ಷಿಣ ಕಾಣುವ ಗುಡ್ಡದ ಮೇಲೆ ಹೋಗಿ ನಿಲ್ಲುತ್ತಾರೆ. ನೆರಳು ಹುಡುಕಿಕೊಂಡು ಗೋಡೆ ಸವರಿ ನಡೆಯುವ ಊರಿನ ನಾವು, ಸೂರ್ಯನ ಒಂದು ಚೂರಿಗಾಗಿ, ಹಿಮದಲ್ಲಿ ಜಾರದಂತೆ ಬೂಟಿಗೆ ಮೊಳೆಪಟ್ಟಿ ಕಟ್ಟಿಕೊಂಡು ಗುಡ್ಡ ಹತ್ತಿದೆವು. ಬೆಳಿಗ್ಗೆ ಕಚೇರಿಯಲ್ಲಿ ಎರಡು ಚಿತ್ರ ಜೋಡಿಸಿ, ಮೂರು ಸಲ ನೋಡಿದ್ದೆ. ಸಮುದ್ರದವರೆಗೂ ಏನೂ ಸರಿದಿರಲಿಲ್ಲ. ನಿರ್ಮಲ ಎಂದು ಬರೆದು ಬಂದಿದ್ದೆ.

"ಇವತ್ತು ಖಂಡಿತ ಕಾಣ್ತಾನ್ರಿ," ಎಂದು ಅವರಿಗೆ ಹೇಳಿದ್ದೆ. ಯಾವುದನ್ನೂ ಖಂಡಿತ ಎನ್ನದ ನಾನು ಹಾಗೆಂದದ್ದು ಅವರಿಗೂ ಸೋಜಿಗವಾಗಿರಬೇಕು. ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡರು.

ಎದುರಿನ ಶಿಖರಗಳ ತುದಿ ಕೆಂಪಾಯಿತು. ಕೆಂಪು ಇಳಿಯುತ್ತ ಬಂತು. ಮಕ್ಕಳು ಕೂಗತೊಡಗಿದರು. ಎರಡು ಬೆಟ್ಟಗಳ ನಡುವೆ, ಎಲ್ಲರೂ ಬೆರಳು ಮಾಡುತ್ತಿದ್ದ ಆ ಸಂದಿನಲ್ಲಿ, ಚಿನ್ನದ ಗೆರೆಯಂಥದೊಂದು ಮೂಡುತ್ತಿದ್ದಂತೆ ಕಡಲ ಕಡೆಯಿಂದ ತಗ್ಗಿನ ಮೋಡವೊಂದು ಬಂದು ಅಲ್ಲೇ ಕೂತಿತು. ದೊಡ್ಡದೇನಲ್ಲ. ಆಕಾಶದ ಉಳಿದ ಭಾಗವೆಲ್ಲ ತೊಳೆದಿಟ್ಟಂತಿತ್ತು. ಜನ ಸ್ವಲ್ಪ ಹೊತ್ತು ಕಾದು, ನಿಟ್ಟುಸಿರು ಬಿಟ್ಟು, ಬನ್ನು ಬಿಚ್ಚಿ ತಿನ್ನುತ್ತ ಇಳಿಯತೊಡಗಿದರು. ಮೋಡ ಕೌದಿಯ ಹಾಗೆ ಹರಡಿ ನಮ್ಮ ಮೇಲೂ ಬಂತು.

"ನಿನ್ನ ಚಿತ್ರದಾಗ ಇದು ಇದ್ದಿಲ್ಲೇನು?" ಎಂದರು.

"ಇದ್ದಿಲ್ರಿ. ಆಮ್ಯಾಲೆ ಹುಟ್ಟಿದ್ದು."

ಅವರು ಆ ಸಂದನ್ನು ಬಹಳ ಹೊತ್ತು ನೋಡಿದರು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಕೆಳಗಿನದನ್ನೂ ಬಿಚ್ಚಿದರು. ಮಫ್ಲರು ತೆಗೆದು, ಗೂಟಕ್ಕೆ ಹಾಕುವ ಹಾಗೆ ನನ್ನ ಹೆಗಲಿಗೆ ಹಾಕಿದರು.

"ಸೆಖಿ ಆಗಾಕತ್ತೈತಿ," ಎಂದರು.

"ಸೊನ್ನೆಗಿಂತ ಕೆಳಗ ಐತ್ರಿ ಇನ್ನೂ."

"ನಿನಗ ಇರಬೇಕು."

ನನಗೆ ತಡೆಯಲಾಗಲಿಲ್ಲ. ಟಿಕೀಟು ಬರುವ ವಾರದ್ದು, ಏನು ಮಾಡುವುದೆಂದು ಕೇಳಿದೆ.

"ಬಣ್ಣಾನ ಕಂಡಿಲ್ಲ, ಹ್ಯಾಂಗ ಹೇಳ್ಲಿ?" ಎಂದರು. "ಒಂದೀಟು ಮುಂದಕ್ಕ ಹಾಕ್ಸು ಅದನ್ನ."

ಮುಂದಕ್ಕೆ ಹಾಕಿಸಿದೆ. ಮರುದಿನ ಸೂರ್ಯ ಬಂದ. ಉಣ್ಣೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವರು ಅವನನ್ನು ಕಂಡರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ದಿನ ಹಿಂದಿನ ದಿನಕ್ಕೇ ಮುಗಿದಿತ್ತು. ಆ ಮಾತು ಅಲ್ಲಿಂದ ಈಚೆಗೆ ನಮ್ಮ ನಡುವೆ ಬಂದಿಲ್ಲ. ಮೂರು ವರ್ಷ ಮುಗಿದು ಇನ್ನೆರಡು ಸೇರಿವೆ. ರಜೆಯಲ್ಲಿ ಬಳ್ಳಾರಿಗೆ ಹೋಗುತ್ತೇವೆ. ಅಲ್ಲಿ ಮೈದುನ ಅಣ್ಣನ ಗಾದಿಯನ್ನು ಝಾಡಿಸಿ ಖಾಲಿ ಇಟ್ಟಿರುತ್ತಾನೆ. ಹಿಂತಿರುಗಿ ಬರುತ್ತೇವೆ, ಇಲ್ಲಿ ಅವರ ಸೂಟ್‌ಕೇಸು ಮಂಚದ ಕೆಳಗೆ ಹಗ್ಗ ಬಿಗಿದುಕೊಂಡೇ ಇರುತ್ತದೆ. ಎರಡೂ ಕಡೆಯವರು, ಯಾವಾಗ ಹೊರಡುತ್ತೀರೆಂದೇ ಕೇಳುತ್ತಾರೆ. ಉಳಿದೆವು ಎಂದು ನಾವು ಯಾರಿಗೂ ಹೇಳಿಲ್ಲ, ಹೋಗುತ್ತೇವೆ ಎಂದೂ ಹೇಳಿಲ್ಲ.

ವಿಮಾನ ಬೀಳಲಿಲ್ಲ, ಮನೆ ಸುಡಲಿಲ್ಲ, ಸೊಂಟ ಮುರಿಯಲಿಲ್ಲ, ಉಪಗ್ರಹ ಇನ್ನೂ ಸುತ್ತುತ್ತಿದೆ. ಕೆಟ್ಟದ್ದು ಆದದ್ದು ಇಷ್ಟೇ: ನಾನು ನಿರ್ಮಲ ಎಂದು ಬರೆದುಕೊಟ್ಟ ಆಕಾಶದಲ್ಲಿ, ಬರಬಾರದ ಹೊತ್ತಿಗೆ, ಒಂದು ಸಣ್ಣ ಮೋಡ ಬಂತು.